ಗಮನದ ‘ಕೊರತೆ’, ಕಬ್ಬಿಣಾಂಶದ ‘ಕೊರತೆ’: ಎರಡಕ್ಕೂ ಒಂದೇ ಪದ ಸರಿಯೇ?

ಪ್ರಶ್ನೆ: ಎಡಿಎಚ್‌ಡಿಗೆ ‘ಗಮನ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ’ ಎಂದು ಬರೆಯುತ್ತೇವೆ. ಅದೇ ಪುಟದಲ್ಲಿ ‘ಕಬ್ಬಿಣಾಂಶದ ಕೊರತೆ’ಯೂ ಬಂದರೆ, ಟಾನಿಕ್ ಕುಡಿಸಿದರೆ ಗಮನವೂ ತುಂಬಿಕೊಳ್ಳುತ್ತದೆ ಎಂದು ಓದುಗರು ತಿಳಿದುಕೊಳ್ಳುವುದಿಲ್ಲವೇ? ಎರಡನೆಯದಕ್ಕೆ ‘ರಕ್ತಹೀನತೆ’ ಎನ್ನಬಹುದೇ?

ಉತ್ತರ: ‘ರಕ್ತಹೀನತೆ’ ಬೇಡವೇ ಬೇಡ. ಅದು ಹಿಮೋಗ್ಲೋಬಿನ್ ಇಳಿದಾಗ ಹೇಳುವ ಮಾತು. ಕಬ್ಬಿಣ ಅದಕ್ಕೂ ಮೊದಲೇ ಕಡಿಮೆಯಾಗಿರುತ್ತದೆ. ಕಣಜ ಬರಿದಾದರೂ ಅಡುಗೆಮನೆಯ ಡಬ್ಬಿಯಲ್ಲಿ ಇನ್ನೂ ಅಕ್ಕಿ ಇರುವ ಹಾಗೆ. ಕಣಜದ, ಅಂದರೆ ದೇಹದಲ್ಲಿ ಕೂಡಿಟ್ಟ ಕಬ್ಬಿಣದ, ಲೆಕ್ಕ ಕೊಡುವುದು ರಕ್ತದಲ್ಲಿ ಅಳೆಯುವ ಫೆರಿಟಿನ್ ಎಂಬ ಪ್ರೋಟೀನ್. ಎಂಟು ವರ್ಷದ ಮಗುವಿನ ಹಿಮೋಗ್ಲೋಬಿನ್ ಡೆಸಿಲೀಟರಿಗೆ 12 ಗ್ರಾಂ ಇದ್ದರೆ ರಕ್ತಹೀನತೆ ಇಲ್ಲ, ಏಕೆಂದರೆ ಆ ವಯಸ್ಸಿಗೆ ಗಡಿ 11.5. ಫೆರಿಟಿನ್ ಲೀಟರಿಗೆ 15 ಮೈಕ್ರೊಗ್ರಾಂಗಿಂತ ಕಡಿಮೆ ಇದ್ದರೆ ಅದೇ ಮಗುವಿಗೆ ಕಬ್ಬಿಣಾಂಶದ ಕೊರತೆ ಇದೆ. ಜ್ವರ, ಸೋಂಕು ಇದ್ದಾಗ ಫೆರಿಟಿನ್ ತಾನಾಗಿ ಏರುತ್ತದೆ, ಕೊರತೆ ಮುಚ್ಚಿಹೋಗುತ್ತದೆ. ಇದನ್ನೂ ಒಂದು ಸಾಲು ಸೇರಿಸಿ.

ಈ ಭೇದ ಏಕೆ ಮುಖ್ಯವೆಂದರೆ, ಡೋಪಮಿನ್, ಸೆರೊಟೋನಿನ್ ಎರಡೂ ಮಿದುಳಿನಲ್ಲಿ ಸಂದೇಶ ಒಯ್ಯುವ ರಾಸಾಯನಿಕಗಳು. ಟೈರೋಸಿನ್ ಎಂಬ ಅಮೈನೊ ಆಮ್ಲದಿಂದ ಡೋಪಮಿನ್ ತಯಾರಾಗುವ ಮೊದಲ ಹಂತದ ಕಿಣ್ವಕ್ಕೆ ಕಬ್ಬಿಣ ಬೇಕು. ಟ್ರಿಪ್ಟೊಫಾನ್ ಎಂಬ ಇನ್ನೊಂದು ಅಮೈನೊ ಆಮ್ಲದಿಂದ ಸೆರೊಟೋನಿನ್ ಆಗುವ ದಾರಿಯಲ್ಲೂ ಬೇಕು. ಗಮನಕ್ಕೂ ಮನಃಸ್ಥಿತಿಗೂ ಕಬ್ಬಿಣದ ನಂಟು ಇರುವುದು ಇಲ್ಲಿ. ಬಿ12 ಜೀವಸತ್ವದ ವಿಷಯದಲ್ಲೂ ‘ರಕ್ತಹೀನತೆ’ ದಾರಿ ತಪ್ಪಿಸುತ್ತದೆ: ಬಿ12 ಕೊರತೆ ಇರುವವರಿಗೆ ಬರೀ ಫೋಲಿಕ್ ಆಮ್ಲ ಕೊಟ್ಟರೆ ರಕ್ತ ಸುಧಾರಿಸುತ್ತದೆ, ನರಗಳ ಹಾನಿ ಮಾತ್ರ ಒಳಗೇ ಮುಂದುವರಿಯುತ್ತದೆ. ಬಿ12 ಕಡಿಮೆಯಾದಾಗ, ಥೈರಾಯ್ಡ್ ನಿಧಾನವಾದಾಗ ಬರುವ ಮಂಕು, ಬಳಲಿಕೆಗೆ ನೇರವಾಗಿ ‘ಖಿನ್ನತೆ’ ಎಂದೂ ಬರೆಯಬೇಡಿ. ‘ಮಂಕು’ ಒಳ್ಳೆಯ ಪದ, ಉಳಿಸಿಕೊಳ್ಳಿ.

ಇನ್ನು ‘ಕಬ್ಬಿಣಾಂಶ’. ಇಲ್ಲಿನ ‘ಅಂಶ’ ಅಲಂಕಾರಕ್ಕಲ್ಲ. 200 ಮಿಲಿಗ್ರಾಂ ಫೆರಸ್ ಸಲ್ಫೇಟ್ ಗುಳಿಗೆಯಲ್ಲಿ ಕಬ್ಬಿಣಾಂಶ ಸುಮಾರು 65 ಮಿಲಿಗ್ರಾಂ ಮಾತ್ರ. ‘200 ಮಿಲಿಗ್ರಾಂ ಕಬ್ಬಿಣ’ ಎಂದು ಬರೆದರೆ ಪ್ರಮಾಣವೇ ಮೂರು ಪಟ್ಟು ತಪ್ಪುತ್ತದೆ. ಮಕ್ಕಳಿಗೆ ಕಬ್ಬಿಣ ಅತಿಯಾದರೆ ವಿಷ. ಹಾಗಾಗಿ ಪರೀಕ್ಷೆಯಿಲ್ಲದೆ, ವೈದ್ಯರನ್ನು ಕೇಳದೆ ಕೊಡಬಾರದು ಎಂಬುದನ್ನು ಅದೇ ವಾಕ್ಯದಲ್ಲಿ ಹೇಳಿ, ಅಡಿಟಿಪ್ಪಣಿಗೆ ತಳ್ಳಬೇಡಿ.

ಗಮನಕ್ಕೆ ‘ಕೊರತೆ’ ಹೊಂದುವುದಿಲ್ಲ ಎಂಬ ನಿಮ್ಮ ಅನುಮಾನ ಸರಿಯೇ. ಎಡಿಎಚ್‌ಡಿ ಇರುವ ಮಗು ಇಷ್ಟದ ಆಟದಲ್ಲಿ ಗಂಟೆಗಟ್ಟಲೆ ಮುಳುಗಿರಬಲ್ಲದು. ಗಮನ ಇದೆ, ಬೇಕಾದ ಕಡೆ ನಿಲ್ಲುವುದಿಲ್ಲ, ಬೇಡವಾದಾಗ ಬಿಟ್ಟುಬರುವುದಿಲ್ಲ. ಸಂಸ್ಕೃತದಲ್ಲಿ ‘ಗಮನ’ ಎಂದರೆ ಹೋಗುವುದು. ನಾವೂ ‘ಗಮನ ಹರಿಸು’ ಎನ್ನುತ್ತೇವೆ. ಹರಿಯುವುದಕ್ಕೆ ಹತೋಟಿ ಬೇಕು. ಆದ್ದರಿಂದ ‘ಗಮನ ಹತೋಟಿಯ ತೊಂದರೆ’ ಎಂದು ಬರೆದು, ಮೊದಲ ಸಲ ಪಕ್ಕದಲ್ಲೇ ಎಡಿಎಚ್‌ಡಿ ಎಂದೂ ಸೇರಿಸಿ. ‘ಕೊರತೆ’ಯನ್ನು ಅಳೆದು ತುಂಬಬಹುದಾದ ಕಬ್ಬಿಣಾಂಶ, ಬಿ12ಗಳಿಗೆ ಬಿಡಿ. ವಾಕ್ಯ ಹೀಗಿರಲಿ: ‘ಗಮನ ಹತೋಟಿಯ ತೊಂದರೆ ಇರುವ ಮಗುವಿಗೆ ಕಬ್ಬಿಣಾಂಶದ ಕೊರತೆಯೂ ಇದ್ದರೆ ಅದನ್ನು ಸರಿಪಡಿಸಬೇಕು, ಕೊರತೆ ಇಲ್ಲದ ಮಗುವಿಗೆ ಕಬ್ಬಿಣ ಕೊಡುವುದರಿಂದ ಗಮನ ಹೆಚ್ಚುವುದಿಲ್ಲ.’