ಗುಂಯ್ ಅಂದರೆ ಯಾವ ಗುಂಯ್? ಹಳೆಯ ಆಂಪ್ಲಿಫೈಯರ್ ರಿಪೇರಿಗೆ ಬೇಕಾದ ಕೆಲವು ಪದಗಳು

ಒಂದು ಹಳೆಯ ಸ್ಟೀರಿಯೋ ಆಂಪ್ಲಿಫೈಯರನ್ನು ಮನೆಯಲ್ಲೇ ರಿಪೇರಿ ಮಾಡುತ್ತಿದ್ದೇನೆ. ವಾಲ್ವಿನದಲ್ಲ, ಟ್ರಾನ್ಸಿಸ್ಟರಿನದು, 1970ರ ದಶಕದ್ದು. ಏನು ಕೇಳಿಸಿತು, ಯಾವ ಭಾಗ ಬದಲಾಯಿಸಿದೆ ಅಂತ ಒಂದು ಪುಸ್ತಕದಲ್ಲಿ ಕನ್ನಡದಲ್ಲೇ ಬರೆದಿಡುತ್ತೇನೆ. ಮೊದಲ ದಿನ ಬರೆದದ್ದು ಇಷ್ಟು: ‘ಎಡಗಡೆ ಸ್ಪೀಕರ್ ಗುಂಯ್ ಅನ್ನುತ್ತಿದೆ.’ ಎರಡು ವಾರ ಬಿಟ್ಟು ಅದನ್ನೇ ಓದಿದೆ. ಆ ಗುಂಯ್ ಯಾವುದು ಅಂತ ನನಗೆ ನೆನಪಾಗಲಿಲ್ಲ. ಪದ ಸಾಲಲಿಲ್ಲ ಅಂತ ಆಗ ಅನ್ನಿಸಿತು.

ಯಾಕಂದರೆ ಇಲ್ಲಿ ಗುಂಯ್ ಒಂದೇ ಅಲ್ಲ, ಕಡಿಮೆ ಅಂದರೂ ಮೂರಿವೆ. ಮನೆಯ ಕರೆಂಟು 50 ಹರ್ಟ್ಸ್ ಇರುವ ಕಡೆ, ಎರಡು ಪೆಟ್ಟಿಗೆಗಳ ಅರ್ತ್ ಎರಡು ದಾರಿಯಲ್ಲಿ ಸೇರಿ ಸುತ್ತು ಹಾಕಿಕೊಂಡರೆ ಆ 50 ಹರ್ಟ್ಸೇ ಸ್ಪೀಕರಿಗೆ ಬಂದು ಬಿಡುತ್ತದೆ. ತಗ್ಗು ದನಿ, ದಪ್ಪ, ಕಿವಿಗಿಂತ ಎದೆಗೆ ಜಾಸ್ತಿ ತಾಗುವಂಥದ್ದು. ಇನ್‌ಪುಟ್ ತಂತಿ ಕಿತ್ತರೆ ನಿಂತು ಹೋಗುತ್ತದೆ. ಎರಡನೆಯದು ಪವರ್ ಸಪ್ಲೈಯ ದೊಡ್ಡ ಕಂಡೆನ್ಸರ್ (ಕರೆಂಟನ್ನು ಕೂಡಿಟ್ಟು ಏರಿಳಿತ ತಗ್ಗಿಸುವ ಭಾಗ) ಒಳಗಿನ ರಸ ಆರಿ ಒಣಗಿದಾಗ ಬರುವುದು. ಅದು 100 ಹರ್ಟ್ಸ್. ಅಲ್ಲಿರುವ ನಾಲ್ಕು ಡಯೋಡುಗಳು ಎಸಿ ಅಲೆಯ ಮೇಲಿನ ಅರ್ಧ, ಕೆಳಗಿನ ಅರ್ಧ ಎರಡನ್ನೂ ಒಂದೇ ಕಡೆಗೆ ತಿರುಗಿಸುತ್ತವೆ, ಹಾಗಾಗಿ ಎಣಿಕೆ ಎರಡರಷ್ಟಾಗುತ್ತದೆ. ಆ ಅಲೆ ಗರಗಸದ ಹಲ್ಲಿನ ಆಕಾರದ್ದು, ಮೇಲಿನ ಸ್ವರಗಳೂ ಸೇರಿಕೊಂಡು ದನಿ ಒರಟಾಗುತ್ತದೆ. ವಾಲ್ಯೂಮ್ ಪೂರ್ತಿ ಇಳಿಸಿದರೂ ಅದು ಸಾಮಾನ್ಯವಾಗಿ ಹೋಗುವುದಿಲ್ಲ. (60 ಹರ್ಟ್ಸ್ ಕರೆಂಟು ಇರುವ ದೇಶಗಳಲ್ಲಿ ಇವು 60 ಮತ್ತು 120.) ಮೂರನೆಯದು ಸ್ಪೀಕರಿನದೇ ಅಲ್ಲ, ಟ್ರಾನ್ಸ್‌ಫಾರ್ಮರಿನ ಕಬ್ಬಿಣದ ಹಾಳೆಗಳು ಮೆಲ್ಲಗೆ ಅದುರುವ ಸದ್ದು. ಸ್ಪೀಕರ್ ತಂತಿ ಬಿಚ್ಚಿಟ್ಟರೂ ಪೆಟ್ಟಿಗೆಯ ಒಳಗಿಂದ ಕೇಳಿಸುತ್ತಲೇ ಇರುತ್ತದೆ.

ಮೊದಲನೆಯದಕ್ಕೂ ಎರಡನೆಯದಕ್ಕೂ ಒಂದು ಸ್ಥಾಯಿಯ ಅಂತರ ಇದೆ, ಮಂದ್ರದ ಸ ಮತ್ತು ಮಧ್ಯದ ಸ ಇದ್ದ ಹಾಗೆ. ಕಿವಿ ಅದನ್ನು ಹಿಡಿಯುತ್ತದೆ, ಆದರೆ ನನ್ನ ಪದ ಹಿಡಿಯುತ್ತಿಲ್ಲ. ಸೊಳ್ಳೆಯೂ ಗುಂಯ್ ಅನ್ನುತ್ತದೆ, ಅದರ ದನಿ ನೂರಾರು ಹರ್ಟ್ಸ್ ಮೇಲಿದೆ. ಅಂದರೆ ಗುಂಯ್ ಅನ್ನುವುದು ‘ಬಿಡದೆ ಬರುವ ಸದ್ದು’ ಅಂತ ಹೇಳುತ್ತದೆಯೇ ಹೊರತು ತಗ್ಗೋ ಏರೋ ಅಂತ ಹೇಳುವುದಿಲ್ಲ, ಅಲ್ವಾ? ‘ಗುನುಗು’ ಮನುಷ್ಯರದು, ಹಾಡಿಗೆ ಸರಿ. ‘ಮೊರೆತ’ ಅಂದರೆ ಕಡಲು ಕಣ್ಣ ಮುಂದೆ ಬರುತ್ತದೆ. ‘ಝೇಂಕಾರ’ ಎರಡನೆಯ ಸದ್ದಿಗೆ ತುಂಬ ಹತ್ತಿರ, ಅದರಲ್ಲೂ ಆ ಒರಟು ಇದೆ. ಆದರೆ ದುಂಬಿ, ತಂಬೂರಿಗಳ ಜೊತೆ ಓಡಾಡಿದ ಪದ ಅದು, ಒಣಗಿದ ಕಂಡೆನ್ಸರಿಗೆ ಅದನ್ನು ಕೊಡಲು ನನಗೆ ಮನಸ್ಸಿಲ್ಲ. ಸದ್ಯಕ್ಕೆ ನಾನು ತಗ್ಗು ಸದ್ದಿಗೆ ‘ಗುಂ’, ಒರಟು ಸದ್ದಿಗೆ ‘ಜುಂಯ್’, ಟ್ರಾನ್ಸ್‌ಫಾರ್ಮರಿಗೆ ‘ಅದುರು’ ಅಂತ ಬರೆಯುತ್ತಿದ್ದೇನೆ. ಗ ಇರುವ ಪದ ಬಾಯಲ್ಲೂ ದಪ್ಪ, ಜ ಇರುವುದು ತೆಳು, ಅದಕ್ಕೆ. ಬೇರೆಯವರ ಕಿವಿಗೂ ಹೀಗೇ ಕೇಳಿಸುತ್ತದಾ?

ಉಳಿದ ಸದ್ದುಗಳಿಗೆ ಕನ್ನಡ ಚೆನ್ನಾಗಿ ಒದಗುತ್ತದೆ. ಪಠ್ಯಪುಸ್ತಕದವರಂತೆ ಎಲ್ಲದಕ್ಕೂ ‘ಗದ್ದಲ’ ಅಂತ ಬರೆದರೆ ಏನೂ ತಿಳಿಯುವುದಿಲ್ಲ, ನಮ್ಮ ಅನುಕರಣ ಪದಗಳೇ ಮೇಲು. ವಾಲ್ಯೂಮ್ ತಿರುಗಿಸುವಾಗ ಮಾತ್ರ ಬಂದರೆ ಕರಕರ. ಕೈ ಮುಟ್ಟದಿದ್ದರೂ ತನ್ನಷ್ಟಕ್ಕೆ ಆಗೊಮ್ಮೆ ಈಗೊಮ್ಮೆ ಬಂದರೆ ಚಟಪಟ, ಅಲ್ಲಿ ಯಾವುದೋ ಟ್ರಾನ್ಸಿಸ್ಟರ್ ಹಾಳಾಗುತ್ತಿರಬಹುದು. ಸ್ವಿಚ್ ಹಾಕಿದ ಮೇಲೆ ಕೆಲವು ಸೆಕೆಂಡು ಬಿಟ್ಟು ಟಕ್ ಅಂದರೆ ರಿಲೇ (ಕರೆಂಟಿನಿಂದ ತಾನೇ ಹಾಕಿಕೊಳ್ಳುವ ಸ್ವಿಚ್) ಸ್ಪೀಕರನ್ನು ಸೇರಿಸಿತು ಅಂತ ಅರ್ಥ. ರಿಲೇ ಇರುವ ಪೆಟ್ಟಿಗೆಯಲ್ಲಿ ಆ ಟಕ್ ಬರಲೇ ಇಲ್ಲ ಅಂದರೆ ಔಟ್‌ಪುಟ್‌ನಲ್ಲಿ ಡಿಸಿ (ಒಂದೇ ಕಡೆಗೆ ಹರಿಯುವ ಕರೆಂಟು) ಇದೆಯಾ ಅಂತ ಮೊದಲು ಮೀಟರ್ ಹಿಡಿದು ನೋಡಬೇಕು. ಸುಮ್ನೆ ಸ್ಪೀಕರನ್ನು ನೇರ ಸೇರಿಸಿದರೆ ಅದು ಸುಟ್ಟು ಹೋಗಬಹುದು.

ಕರಕರದಲ್ಲೂ ಒಂದು ತೊಡಕಿದೆ, ಅದೇ ನನ್ನ ಎರಡನೆಯ ಪ್ರಶ್ನೆಗೆ ತಂದು ನಿಲ್ಲಿಸಿತು. ಪಾಟ್‌ನಲ್ಲಿ, ಅಂದರೆ ವಾಲ್ಯೂಮ್ ತಿರುಗಿಸುವ ಭಾಗದಲ್ಲಿ, ಧೂಳಿದೆ ಅಂತ ಸ್ಪ್ರೇ ಹಾಕಿ ತೊಳೆದೆ, ಮತ್ತೆ ತೊಳೆದೆ, ಕರಕರ ಹೋಗಲಿಲ್ಲ. ಕೊನೆಗೆ ನೋಡಿದರೆ ಅದರ ಹಿಂದಿನ ಕಂಡೆನ್ಸರ್ ತಡೆಯಬೇಕಾದ ಡಿಸಿಯನ್ನು ತಡೆಯದೆ ಪಾಟ್‌ಗೆ ಬಿಡುತ್ತಿತ್ತು. ಪುಸ್ತಕದಲ್ಲಿ ‘ಕಂಡೆನ್ಸರ್ ಸೋರುತ್ತಿದೆ’ ಅಂತ ಬರೆದೆ. ಗೆಳೆಯರೊಬ್ಬರು ಅದನ್ನು ಓದಿ, ಒದ್ದೆ ಎಲ್ಲೂ ಕಾಣಲಿಲ್ಲವಲ್ಲ ಅಂದರು. ಅವರು ಕೇಳಿದ್ದು ಸರಿಯೇ. ಹೊರಗಿಂದ ಆ ಕಂಡೆನ್ಸರ್ ಹೊಸದರಂತೆ ಇತ್ತು, ಸೋರುತ್ತಿದ್ದದ್ದು ಕರೆಂಟು. ಒಳಗಿನ ರಸ ಹೊರಗೆ ಬಂದರೂ ನಾವು ಸೋರಿದೆ ಅಂತಲೇ ಹೇಳುತ್ತೇವೆ. ಇನ್ನು ಆ ಕಾಲದ ಕೆಲವು ಪೆಟ್ಟಿಗೆಗಳಲ್ಲಿ ದೊಡ್ಡ ಕಂಡೆನ್ಸರ್ ಅಲ್ಲಾಡದಿರಲಿ ಅಂತ ಬುಡಕ್ಕೆ ಹಚ್ಚಿದ ಗೋಂದು ವರ್ಷಗಳು ಕಳೆದ ಮೇಲೆ ಕಂದು ಬಣ್ಣಕ್ಕೆ ತಿರುಗಿರುತ್ತದೆ. ಅದನ್ನು ಕಂಡು ರಸ ಸೋರಿದೆ ಅಂದುಕೊಳ್ಳುವವರು ಬಹಳ. (ಹಾಗಂತ ಬಿಡುವಂತಿಲ್ಲ. ಕಂದಾದ ಗೋಂದು ಕರೆಂಟು ಹಾಯಿಸಬಹುದು, ತಂತಿಯ ಕಾಲನ್ನೂ ತಿನ್ನುತ್ತದೆ, ಕೆರೆದು ತೆಗೆಯಲೇಬೇಕು.)

ನನಗೆ ಹೊಳೆದದ್ದು: ರಸಕ್ಕೆ ‘ಒಸರು’, ಕರೆಂಟಿಗೆ ‘ಸೋರು’. ಒಸರು ಅಂದರೆ ಮೆಲ್ಲಗೆ, ಒದ್ದೆಯಾಗಿ ಹೊರಗೆ ಬರುವುದು, ನೋಡಿದರೆ ಕಾಣುವಂಥದ್ದು. ‘ಜಿನುಗು’ ಕೂಡ ಆಗಬಹುದಿತ್ತು, ಆದರೆ ಅದರಲ್ಲಿ ಹನಿ ಹನಿಯಾಗಿ ಬೀಳುವ ಭಾವ ಇದೆ, ಕಂಡೆನ್ಸರಿನಿಂದ ಹನಿ ಬೀಳುವುದು ಅಪರೂಪ.

ಬೆಸುಗೆಯ ವಿಷಯದಲ್ಲಿ ನನಗೆ ಸಂಶಯವಿಲ್ಲ. ‘ಒಣ ಬೆಸುಗೆ’ ಅಂತ ಕೆಲವರು ಬರೆಯುತ್ತಾರೆ, ಅದು ಇಂಗ್ಲಿಷಿನ ಪಡಿಯಚ್ಚು. ಒಣಗಿದ ಕಂಡೆನ್ಸರ್ ಪಕ್ಕದಲ್ಲೇ ಒಣ ಬೆಸುಗೆಯೂ ಬಂದರೆ ಓದುವವರಿಗೆ ಗೊಂದಲ. ‘ಬೆಸುಗೆ ಹಿಡಿದಿಲ್ಲ’ ಅಂದರೆ ಮೊದಲಿಂದಲೇ ತಾಮ್ರಕ್ಕೆ ಅಂಟಿಲ್ಲ, ‘ಬೆಸುಗೆ ಬಿಟ್ಟಿದೆ’ ಅಂದರೆ ಹಿಡಿದಿದ್ದದ್ದು ಕಾದು ಆರಿ, ಕಾದು ಆರಿ ಸೀಳಿದೆ. ಎಷ್ಟು ಸಲೀಸು ನೋಡಿ, ಎರಡೇ ಕ್ರಿಯಾಪದ, ಎರಡು ಬೇರೆ ಕಾಯಿಲೆ.

ಇನ್ನೊಂದು, ಈ ಪೆಟ್ಟಿಗೆಯನ್ನು ಏನಂತ ಕರೆಯಬೇಕು? ‘ಧ್ವನಿವರ್ಧಕ’ ಅಂದರೆ ಈಗ ಎಲ್ಲರೂ ಸ್ಪೀಕರ್ ಅಂತಲೇ ತಿಳಿಯುತ್ತಾರೆ, ದನಿಯನ್ನು ನಿಜವಾಗಿ ಹಿಗ್ಗಿಸುವ ಯಂತ್ರಕ್ಕೆ ಆ ಹೆಸರು ಉಳಿದಿಲ್ಲ. ಬರೀ ‘ವರ್ಧಕ’ ಸಾಕಾ, ಅಥವಾ ಆಂಪ್ಲಿಫೈಯರ್ ಅಂತಲೇ ಬಿಡುವುದಾ? ನಾನು ಬಿಟ್ಟಿದ್ದೇನೆ.

ರೇಡಿಯೋ ರಿಪೇರಿ ಮಾಡಿದ ಹಿರಿಯರು ಯಾರಾದರೂ ಮನೆಯಲ್ಲಿದ್ದರೆ ದಯವಿಟ್ಟು ಕೇಳಿ ಬರೆಯಿರಿ. ಆ ತಗ್ಗು ಸದ್ದಿಗೂ ಒರಟು ಸದ್ದಿಗೂ ಅವರು ಬೇರೆ ಬೇರೆ ಪದ ಹೇಳುತ್ತಿದ್ದರಾ, ಹೇಳುತ್ತಿದ್ದರೆ ಯಾವುದು?