ಕೊಟ್ಟ ಮಾತು ನಡೆಸಲು ಆಗದಿದ್ದಾಗ?

ಪ್ರಶ್ನೆ: ದುಡುಕಿ ಮಾತು ಕೊಟ್ಟು, ಈಗ ನಡೆಸಲು ಕೈಲಾಗದಿದ್ದರೆ ಕ್ರೈಸ್ತರು ಏನು ಮಾಡಬೇಕು? ಪ್ರಾರ್ಥನೆಯಲ್ಲಿ ಕ್ಷಮೆ ಕೇಳಿದರೆ ಸಾಕೇ?

ಉತ್ತರ 1: ಸಾಲದು. ಬೈಬಲಿನ ಜ್ಞಾನೋಕ್ತಿ 6:1-5 ಓದಿ. ಇನ್ನೊಬ್ಬರ ಸಾಲಕ್ಕೆ ಹೊಣೆಯಾಗಿ ತನ್ನ ಮಾತಿಗೇ ಸಿಕ್ಕಿಬಿದ್ದವನು ಕಣ್ಣಿಗೆ ನಿದ್ದೆ ಕೊಡದೆ ತಾನು ಮಾತು ಕೊಟ್ಟವನ ಬಳಿಗೇ ಹೋಗಿ ಅಂಗಲಾಚಬೇಕು ಅನ್ನುತ್ತದೆ. ಗಡುವು ದಾಟುವ ಮೊದಲೇ ಹೋಗಿ. ಎಷ್ಟು ಆಗುತ್ತದೆ, ಯಾವ ದಿನಕ್ಕೆ ಅಂತ ಬಿಡಿಸಿ ಹೇಳಿ. ಬಿಡುಗಡೆ ಕೊಡುವುದು ಅವರ ಕೈಯಲ್ಲಿದೆ. ಬಹಳ ಜನ ಎಡವುವುದು ಇಲ್ಲೇ: ನಾಚಿಕೆಯಿಂದ ಫೋನ್ ಎತ್ತುವುದನ್ನೇ ಬಿಟ್ಟುಬಿಡುತ್ತಾರೆ.

ಉತ್ತರ 2: ನಷ್ಟವಾಗುತ್ತದೆ ಎಂಬುದು ಮಾತು ತಪ್ಪಲು ಕಾರಣವಲ್ಲ (ಕೀರ್ತನೆ 15:4). ಗಿಬ್ಯೋನ್ಯರೆಂಬ ಕಾನಾನಿನ ಜನ ತಮ್ಮನ್ನು ಕೊಲ್ಲುವುದಿಲ್ಲವೆಂಬ ಪ್ರಮಾಣವನ್ನು ಮೋಸದಿಂದ ಪಡೆದರೂ ಇಸ್ರಾಯೇಲರ ನಾಯಕ ಯೆಹೋಶುವ ಅದನ್ನು ಮೀರಲಿಲ್ಲ.

ಉತ್ತರ 3: ಪಾಪ ಮಾಡುತ್ತೇನೆಂದು ಕೊಟ್ಟ ಮಾತು ಮಾತ್ರ ಬೇರೆ. ಅರಸ ಹೆರೋದನು ಆಣೆಗೆ ಕಟ್ಟುಬಿದ್ದು ಪ್ರವಾದಿ ಸ್ನಾನಿಕ ಯೋಹಾನನ ತಲೆ ತೆಗೆಸಿದ್ದು ನಿಷ್ಠೆಯಲ್ಲ. ಅಂಥದ್ದನ್ನು ಮುರಿಯಲೇಬೇಕು, ಕೊಟ್ಟಿದ್ದಕ್ಕೆ ಪಶ್ಚಾತ್ತಾಪಪಡಬೇಕು.