ಇಳಿತ ಮುಗಿಯುವ ಹೊತ್ತಿಗೇ ಡೈವ್ ಮಾಡಿದರೂ ಸೆಳೆತ ನಿಲ್ಲಲಿಲ್ಲ: ನನ್ನ ಲೆಕ್ಕ ತಪ್ಪಿದ್ದೆಲ್ಲಿ?

ಪ್ರಶ್ನೆ

ನಮಸ್ಕಾರ. ಪ್ರವಾಸದಲ್ಲಿದ್ದೇನೆ, ಈ ಕಡಲತೀರ ನನಗೆ ಹೊಸದು. ಇದುವರೆಗೆ ನಾನು ದಡದಿಂದ ಇಳಿದು ಮಾಡಿದ ಡೈವ್‌ಗಳೆಲ್ಲ ಮೆಡಿಟರೇನಿಯನ್ ಸಮುದ್ರದಲ್ಲಿ ಆದವು. ಅಲ್ಲಿ ಹೆಚ್ಚಿನ ಕಡೆ ಉಬ್ಬರವಿಳಿತದ ಅಂತರ ಬಹಳ ಕಡಿಮೆಯಿರುವುದರಿಂದ ವೇಳಾಪಟ್ಟಿ ನೋಡುವ ಅಭ್ಯಾಸವೇ ನನಗೆ ಬೆಳೆದಿರಲಿಲ್ಲ. ಇಲ್ಲಿ ಆ ಅಂತರ 2.1 ಮೀಟರ್. ನಿನ್ನೆ, ಹುಣ್ಣಿಮೆಯ ಮರುದಿನ, ಮೊಬೈಲ್ ಆ್ಯಪ್‌ನಲ್ಲಿ ಇಳಿತದ ಕೊನೆ ಬೆಳಿಗ್ಗೆ 10:40 ಎಂದು ಇತ್ತು. ಆ ಹೊತ್ತಿಗೆ ನೀರು ನಿಂತಿರುತ್ತದೆ ಎಂದು ಎಣಿಸಿ ಜೊತೆಗಾರರೊಂದಿಗೆ 10:30ಕ್ಕೆ ಇಳಿದೆ. ಆದರೆ 9 ಮೀಟರ್ ಆಳದಲ್ಲಿ ಸೆಳೆತ ಎಷ್ಟು ಬಲವಾಗಿತ್ತೆಂದರೆ ಬಂಡೆ ಹಿಡಿದು ನಿಲ್ಲಬೇಕಾಯಿತು. ಕೊನೆಗೆ ಇಳಿದ ಜಾಗದಿಂದ ಸುಮಾರು 200 ಮೀಟರ್ ದೂರದಲ್ಲಿ, ಸಿಲಿಂಡರಿನಲ್ಲಿ ಗಾಳಿಯ ಒತ್ತಡ 60 ಬಾರ್ ಉಳಿದಿರುವಾಗ ಮೇಲೆ ಬಂದೆವು. ತಪ್ಪು ಆ್ಯಪ್‌ನದೋ, ನನ್ನ ಓದಿನದೋ?

ಉತ್ತರ

ಇಬ್ಬರೂ ಸುರಕ್ಷಿತವಾಗಿ ಮರಳಿದ್ದು ಸಮಾಧಾನದ ಸಂಗತಿ. ಕಾರಣ ಹೇಳುವ ಮೊದಲು ಮೂರು ವಿಷಯಗಳು ತಿಳಿಯಬೇಕು. ಆ್ಯಪ್ ತೋರಿಸಿದ್ದು ಸ್ಥಳೀಯ ಗಡಿಯಾರದ ಸಮಯವೇ? ಪ್ರವಾಸಿಗರು ಎಡವುವುದು ಹೆಚ್ಚಾಗಿ ಇಲ್ಲಿಯೇ, ಏಕೆಂದರೆ ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುವ ದೇಶಗಳಲ್ಲಿಯೂ ಮುದ್ರಿತ ವೇಳಾಪಟ್ಟಿಗಳು ಎಷ್ಟೋ ಸಲ ಆ ಬದಲಾವಣೆ ಸೇರದ ಸಮಯವನ್ನೇ ಕೊಡುತ್ತವೆ. ಎರಡನೆಯದಾಗಿ, ಆ ಸಮಯ ನಿಮ್ಮ ದಡದ್ದೋ, ದೂರದ ಯಾವುದೋ ಬಂದರಿನದೋ? ಮೂರನೆಯದು, ನೀವು ಇಳಿದ ಜಾಗ ತೆರೆದ ಕಡಲಿಗೆ ಮುಖ ಮಾಡಿದೆಯೇ, ಇಲ್ಲವೇ ಅದರ ಹಿಂದೆ ಹಿನ್ನೀರೋ ಕೊಲ್ಲಿಯೋ ಇದೆಯೇ?

ಪ್ರಶ್ನೆ ಕೇಳಿದವರು

ಸಮಯ ಸರಿಯಾಗಿಯೇ ಇತ್ತೆಂದು ತೋರುತ್ತದೆ. ದಡದಲ್ಲಿ ಕುಳಿತಿದ್ದ ಸ್ನೇಹಿತರೊಬ್ಬರು 10:45ರ ವೇಳೆಗೆ ಹೊರಗಿನ ಮರಳಿನಲ್ಲಿ ನೀರು ಮತ್ತೆ ಏರತೊಡಗಿದ್ದನ್ನು ಗಮನಿಸಿದ್ದಾರೆ. ನಾವು ಇಳಿದದ್ದು ದೊಡ್ಡದೊಂದು ಹಿನ್ನೀರು ಕಡಲನ್ನು ಕೂಡುವ ಕಿರಿದಾದ ಬಾಯಿಯ ಪಕ್ಕದಲ್ಲಿ. ಸೆಳೆತ ನಮ್ಮನ್ನು ಕಡಲಿನ ಕಡೆಗೇ ಒಯ್ದಿತು.

ಉತ್ತರ

ಹಾಗಾದರೆ ಆ್ಯಪ್ ಸರಿಯಾಗಿಯೇ ಹೇಳಿದೆ. ಅದು ಹೇಳಿದ್ದು ನೀರಿನ ಮಟ್ಟವನ್ನು. ನಿಮಗೆ ಬೇಕಾಗಿದ್ದುದು ನೀರಿನ ಹರಿವು. ಕಡಲಿನ ಮಟ್ಟ ಅತ್ಯಂತ ಕೆಳಗಿಳಿದ ಕ್ಷಣದಲ್ಲಿ ಹಿನ್ನೀರಿನ ಮಟ್ಟ ಇನ್ನೂ ಮೇಲೆಯೇ ಇರುತ್ತದೆ, ಏಕೆಂದರೆ ಅಷ್ಟು ನೀರು ಕಿರಿದಾದ ಬಾಯಿಯಿಂದ ಬೇಗ ಖಾಲಿಯಾಗುವುದಿಲ್ಲ. ಹೊರಗೆ ಉಬ್ಬರ ಆರಂಭವಾದ ಮೇಲೂ ಒಳಗಿನ ನೀರು ಹೊರಗೆ ಹರಿಯುತ್ತಲೇ ಇದ್ದು, ಎರಡೂ ಮಟ್ಟಗಳು ಸಮವಾದಾಗ ಮಾತ್ರ ಸೆಳೆತ ನಿಲ್ಲುತ್ತದೆ. ಈ ವಿಳಂಬ ಜಾಗದಿಂದ ಜಾಗಕ್ಕೆ ಬೇರೆ. ಕೆಲವೆಡೆ ಕೆಲವೇ ನಿಮಿಷ, ಕೆಲವೆಡೆ ಗಂಟೆಗೂ ಹೆಚ್ಚು. ಅಮೆರಿಕದ ಸಾಗರ ಮತ್ತು ಹವಾಮಾನ ಸಂಸ್ಥೆ ನೋವಾ ನೀರಿನ ಮಟ್ಟದ ಮುನ್ಸೂಚನೆ ಮತ್ತು ಸೆಳೆತದ ಮುನ್ಸೂಚನೆಗಳನ್ನು ಬೇರೆ ಬೇರೆಯಾಗಿ ಪ್ರಕಟಿಸುವುದು ಇದಕ್ಕಾಗಿಯೇ. ನಿಮ್ಮ ಜಾಗಕ್ಕೆ ಸೆಳೆತದ ಪಟ್ಟಿ ಇಲ್ಲದಿದ್ದರೆ ಒಂದು ದಿನದ ಡೈವ್ ಬಿಟ್ಟು ದಡದಲ್ಲಿ ಕುಳಿತು ನೋಡುವುದೇ ದಾರಿ. ಪ್ರವಾಸದ ಒಂದು ದಿನ ಹೋಗುತ್ತದೆ ನಿಜ, ಆದರೂ ನಾನಾಗಿದ್ದರೆ ಹಾಗೆಯೇ ಮಾಡುತ್ತಿದ್ದೆ.

ನೋಡುವ ಕ್ರಮ ಸರಳವಾದದ್ದು. ದಡದ ಮೇಲೆ 15 ಮೀಟರ್ ಅಳೆದುಕೊಂಡು, ತೇಲುತ್ತಿರುವ ಎಲೆಯೋ ಕಡಲಪಾಚಿಯೋ ಅಷ್ಟು ದೂರ ಸಾಗಲು ತೆಗೆದುಕೊಳ್ಳುವ ಸಮಯವನ್ನು ಎಣಿಸಿ. 30 ಸೆಕೆಂಡಿನಲ್ಲಿ ಸಾಗಿದರೆ ವೇಗ ಸುಮಾರು ಒಂದು ನಾಟ್, ಅಂದರೆ ಗಂಟೆಗೆ ಸುಮಾರು 1.8 ಕಿಲೋಮೀಟರ್. ಸಿಲಿಂಡರ್ ಹೊತ್ತವರು ಅದರ ವಿರುದ್ಧ ಹೆಚ್ಚು ಹೊತ್ತು ಈಜಲಾರರು. ಹುಣ್ಣಿಮೆ, ಅಮಾವಾಸ್ಯೆಗಳ ನಂತರದ ಒಂದೆರಡು ದಿನ ಸಾಮಾನ್ಯವಾಗಿ ಸೆಳೆತ ಅತಿ ಹೆಚ್ಚು ಮತ್ತು ನೀರು ನಿಲ್ಲುವ ಅವಧಿ ಅತಿ ಕಡಿಮೆ. ಅಷ್ಟಮಿಯ ಆಸುಪಾಸಿನಲ್ಲಿ ಎರಡೂ ತಿರುವುಮುರುವು. ದಿನಾಂಕ ಬದಲಿಸಲು ಸಾಧ್ಯವಿದ್ದರೆ ಅಷ್ಟಮಿಯವರೆಗೆ ಕಾಯಿರಿ.

ಮತ್ತೊಬ್ಬರ ಉತ್ತರ

ಮೇಲಿನ ಮಾತಿಗೆ ಒಂದು ಸೇರ್ಪಡೆ. ಇಂತಹ ಬಾಯಿಯಲ್ಲಿ ಉಬ್ಬರ ಮುಗಿದು ನೀರು ನಿಲ್ಲುವಾಗ ಕಡಲಿನ ತಿಳಿನೀರು ತುಂಬಿರುವುದರಿಂದ ನೋಟ ಚೆನ್ನಾಗಿರುತ್ತದೆ, ದಡ ಹತ್ತುವುದೂ ಸುಲಭ. ಆದ್ದರಿಂದಲೇ ಬಹುತೇಕರು ಆ ಹೊತ್ತನ್ನು ಆರಿಸಿಕೊಳ್ಳುತ್ತಾರೆ. ಆದರೆ ಸ್ವಲ್ಪ ತಡವಾದರೂ ಮುಂದಿನ ಸೆಳೆತ ನಿಮ್ಮನ್ನು ಹೊರಗಡಲಿಗೆ ಒಯ್ಯುತ್ತದೆ. ಇಳಿತದ ನಂತರ ನಿಂತ ನೀರು ಕದಡಿರಬಹುದು, ಪಾಚಿ ಹಿಡಿದ ಬಂಡೆಗಳ ಮೇಲೆ ನಡೆಯಬೇಕಾಗಬಹುದು; ಆದರೂ ಆಮೇಲೆ ಬರುವ ಸೆಳೆತ ಒಳಗಿನ ಹಿನ್ನೀರಿಗೆ ತಳ್ಳುತ್ತದೆ. ಪರಿಚಯವಿಲ್ಲದ ಜಾಗದಲ್ಲಿ ನಾನು ಎರಡನೆಯದನ್ನೇ ಆರಿಸುತ್ತೇನೆ. ನೀರು ನಿಂತದ್ದನ್ನು ಕಣ್ಣಾರೆ ಕಂಡ ಮೇಲೆ ಇಳಿದು, ಅಂಚಿಗೆ ಹತ್ತಿರವಾಗಿ ಕಡಲಿನ ಕಡೆಗೆ ಈಜಿ, ಒಳಸೆಳೆತ ಆರಂಭವಾದದ್ದು ಅರಿವಾದ ಕೂಡಲೇ ಅದರೊಂದಿಗೆ ಮರಳಬೇಕು. ಜೋರು ಮಳೆ ಬಂದಿದ್ದರೆ ಹಿನ್ನೀರು ತುಂಬಿ ವಿಳಂಬ ಇನ್ನೂ ಹೆಚ್ಚುತ್ತದೆ. ಅಲೆಗಳ ಅಬ್ಬರವನ್ನು ಈ ಪಟ್ಟಿಗಳು ಹೇಳುವುದಿಲ್ಲ, ಅದನ್ನು ಬೇರೆಯಾಗಿ ನೋಡಬೇಕು.

ಪ್ರಶ್ನೆ ಕೇಳಿದವರು

ಇಂದು ಡೈವ್ ಬಿಟ್ಟು ದಡದಲ್ಲಿಯೇ ಕುಳಿತೆ. ಇಳಿತದ ಕೊನೆ 11:20ಕ್ಕೆ ಇತ್ತು. ಎಲೆಗಳು ಚಲಿಸದೆ ನಿಂತದ್ದು 12:40ಕ್ಕೆ, ಅಂದರೆ 1 ಗಂಟೆ 20 ನಿಮಿಷ ತಡವಾಗಿ. ಹದಿನೈದೇ ನಿಮಿಷಗಳಲ್ಲಿ ಹರಿವು ಒಳಮುಖವಾಯಿತು. ನಾಳೆ ಇಳಿತದ ಕೊನೆ 12:00ಕ್ಕೆ ಇರುವುದರಿಂದ 1:20ರ ಸುಮಾರಿಗೆ ಇಳಿಯಲು ಯೋಚಿಸಿದ್ದೇನೆ. ನಾಡಿದ್ದು ಬೆಳಿಗ್ಗೆ 6 ಗಂಟೆಗೆ ವಿಮಾನವಿದೆ.

ಉತ್ತರ

ಲೆಕ್ಕ ಸರಿಯಾಗಿದೆ. ಆದರೆ ಡೈವ್ 2 ಗಂಟೆಗೆ ಮುಗಿದರೆ ವಿಮಾನಕ್ಕೆ 16 ಗಂಟೆಗಳಷ್ಟೇ ಉಳಿಯುತ್ತವೆ. ಹಲವು ದಿನ ಅಥವಾ ದಿನಕ್ಕೆ ಹಲವು ಸಲ ಡೈವ್ ಮಾಡಿದವರು ದೇಹದಲ್ಲಿ ಕರಗಿದ ನೈಟ್ರೋಜನ್ ಹೊರಹೋಗಲೆಂದು ವಿಮಾನ ಏರುವ ಮೊದಲು ಕನಿಷ್ಠ 18 ಗಂಟೆ ಬಿಡಬೇಕೆಂಬುದು ಡೈವರ್‌ಗಳ ಸುರಕ್ಷತೆಗಾಗಿ ಇರುವ ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಸಂಸ್ಥೆ ನೀಡಿರುವ ಸಲಹೆ. ಉಬ್ಬರವಿಳಿತ ದಿನಕ್ಕೆ ಸರಾಸರಿ 50 ನಿಮಿಷ, ಹುಣ್ಣಿಮೆಯ ಆಸುಪಾಸಿನಲ್ಲಿ ಸ್ವಲ್ಪ ಕಡಿಮೆ, ಮುಂದಕ್ಕೆ ಸರಿಯುವುದರಿಂದ ಪ್ರವಾಸದ ಕೊನೆಯ ದಿನಗಳಲ್ಲಿ ಇಂತಹ ಇಕ್ಕಟ್ಟು ಬರುತ್ತದೆ. ವಿಮಾನವನ್ನು ಮಧ್ಯಾಹ್ನಕ್ಕೆ ಬದಲಿಸಲು ಆಗದಿದ್ದರೆ ನಾಳೆಯ ಡೈವ್ ಬಿಡಿ.

ಪ್ರಶ್ನೆ ಕೇಳಿದವರು

ವಿಮಾನ ಬದಲಿಸಲು ಆಗಲಿಲ್ಲ. ನಾಳೆ ಸಿಲಿಂಡರ್ ಇಲ್ಲದೆ, ನೀರು ನಿಂತ ಆ ಹದಿನೈದು ನಿಮಿಷ ಅಂಚಿನಲ್ಲಿ ಮುಖಗವಸು ಹಾಕಿ ತೇಲುತ್ತಾ ನೋಡುತ್ತೇನೆ. ಎಲ್ಲರಿಗೂ ಧನ್ಯವಾದಗಳು.